ಬಾವಿಯ ಷಡ್ಜ

ಆ ಭಾನುವಾರ ಮಧ್ಯಾಹ್ನ ರೇಣುಕಾ ಮತ್ತು ನಾನು ಬಾಗ್‌ಬಜಾರಿನ ಘಾಟಿನ ಮೆಟ್ಟಿಲ ಮೇಲೆ ಕೂತು ಮಂಡಕ್ಕಿಯ ಝಾಲ್‌ಮುರಿ ತಿನ್ನುತ್ತಿದ್ದೆವು. ಅನಂತನ ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಮಳೆ ಬಂದು ಹೋಗಿತ್ತು. ಗಂಗೆ ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿ, ನಾವು ಕೂತಲ್ಲಿಂದ ಐದು ಮೆಟ್ಟಿಲು ಕೆಳಗೆ ನಿಂತಿದ್ದಳು. ಬೆನ್ನ ಹಿಂದೆ ಹಳಿಯ ಮೇಲೆ ಲೋಕಲ್ ರೈಲು ಹೋದಾಗ ಮೆಟ್ಟಿಲು ಸಣ್ಣಗೆ ನಡುಗಿತು.

"ಏನ್ರೀ, ಇದು ನಮ್ಮ ಗಿರ್ಮಿಟ್ ಬಿಡ್ರಿ. ಸಾಸಿವಿ ಎಣ್ಣಿ ಹಾಕಿ ಹೆಸರು ಬದಲಿ ಮಾಡ್ಯಾರ ಅಷ್ಟ," ಅಂದಳು ರೇಣುಕಾ.

"ಮೆಲ್ಲಕ ಅನ್ನು. ಹೊಡದಾರು."

"ಕನ್ನಡದಾಗ ಅಂದೀನಿ, ಯಾರಿಗೆ ತಿಳೀತೈತಿ?"

ಮುರಿ ಕೊಟ್ಟವನು ನಮ್ಮ ಕಡೆ ನೋಡಿ ನಕ್ಕ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಇನ್ನೂ ಜೋರಾಗಿ ನಕ್ಕಳು. ಅವಳಿಗೆ ಅಂದು ತಲೆನೋವಿರಲಿಲ್ಲ, ಮೈಕೈ ನೋವಿರಲಿಲ್ಲ. ಆಮೇಲೆ ಎಷ್ಟೋ ಸಲ ಆ ಮಧ್ಯಾಹ್ನವನ್ನು ತಿರುವಿ ಹಾಕಿ ನೋಡಿದ್ದೇನೆ. ಏನೂ ಇರಲಿಲ್ಲ.

ನಾವು ಕೋಲ್ಕತ್ತಾಕ್ಕೆ ಬಂದು ಆಗ ನಾಲ್ಕು ವರ್ಷವಾಗಿತ್ತು. ಬಂದದ್ದು ಅವಳ ಕೆಲಸಕ್ಕೆ. ನೆಲದೊಳಗಿನ ನೀರಿನ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಅವಳಿದ್ದಳು. ನಾನು ಧಾರವಾಡದಲ್ಲಿ ಪಿಯುಸಿಗೇ ಓದು ಬಿಟ್ಟು, ಸೋದರಮಾವನ ಕೈಕೆಳಗೆ ಹಾರ್ಮೋನಿಯಂ ಶ್ರುತಿ ಮಾಡುವುದನ್ನು ಕಲಿತವನು. ಹೆಂಡತಿಯ ಕೆಲಸದ ಹಿಂದೆ ಊರು ಬಿಟ್ಟು ಬಂದವನೆಂದು ನೆಂಟರು ನಕ್ಕರು. ಆದರೆ ಹಾರ್ಮೋನಿಯಂ ಕೆಲಸದವನಿಗೆ ಕೋಲ್ಕತ್ತಾಕ್ಕಿಂತ ಒಳ್ಳೆಯ ಊರು ಯಾವುದಿದೆ? ಎಸ್ಪ್ಲನೇಡ್‌ನಲ್ಲಿ ಮೆಟ್ರೋ ಇಳಿದು ನಡೆದುಹೋಗುವಷ್ಟು ದೂರದಲ್ಲಿ ನನಗೊಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮನೆ ಡಮ್ ಡಮ್‌ನಲ್ಲಿ, ಎರಡನೆಯ ಮಹಡಿಯ ಎರಡು ಕೋಣೆ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದೇ ಸ್ವರದ ಎರಡು ರೀಡುಗಳು ಕೂಡಿ ನುಡಿಯುವಾಗ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವುಗಳ ನಡುವೆ ಒಂದು ತೂಗಾಟ ಹುಟ್ಟುತ್ತದೆ. ವೊಂವ್, ವೊಂವ್ ಎಂದು ದೂರದಲ್ಲಿ ಯಾರೋ ತೊಟ್ಟಿಲು ತೂಗಿದ ಹಾಗೆ. ರೀಡಿನ ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಆ ತೂಗಾಟ ಸತ್ತು ಎರಡೂ ಒಂದಾಗುವವರೆಗೆ ಕೆರೆಯುತ್ತಿರಬೇಕು. ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಅದೊಂದೇ. ಎಲ್ಲಿ ತೂಗಾಟ ಕೇಳಿದರೂ ನನ್ನ ಕೈ ಅದನ್ನು ಕೊಲ್ಲಲು ಹೋಗುತ್ತದೆ.

ರೇಣುಕಾಳ ತಲೆಯಲ್ಲಿ ಎರಡು ವರ್ಷದಿಂದ ಒಂದು ಬಾವಿ ಕೂತಿತ್ತು. ಘಾಟಿನಿಂದ ಎರಡು ಗಲ್ಲಿ ಒಳಗೆ, ಒಂದು ಹಳೆಯ ಮನೆಯ ಅಂಗಳದಲ್ಲಿದ್ದ ಇಟ್ಟಿಗೆಯ ಬಾವಿ. ಮನೆ ಮಾಶಿಮಾ ಅವರದು. ಅಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಚಿಕ್ಕಮ್ಮ ಅನ್ನುವಂತೆ ಮಾಶಿಮಾ ಎಂದು ಕರೆಯುತ್ತಾರೆ, ನಾವೂ ಕರೆದೆವು. ಎಪ್ಪತ್ತು ದಾಟಿದವರು. ನಲ್ಲಿ ಬಂದು ಎಷ್ಟೋ ಕಾಲವಾಗಿದ್ದರೂ ದೇವರ ಪೂಜೆಗೆ, ಬೇಳೆ ಬೇಯಿಸಲಿಕ್ಕೆ ಬಾವಿಯ ನೀರೇ ಆಗಬೇಕು. ದಿನಾ ಬೆಳಿಗ್ಗೆ ಆರಕ್ಕೆ ನಾಲ್ಕು ಕೊಡ ಸೇದುತ್ತಿದ್ದರು.

ಗಂಗೆಯಲ್ಲಿ ದಿನಕ್ಕೆ ಎರಡು ಸಲ ಸಮುದ್ರದ ಭರತ ಏರಿ ಇಳಿಯುತ್ತದೆ. ಅದು ನೆಲದೊಳಗೆ ಹಾದು ಈ ಬಾವಿಯನ್ನೂ ಮುಟ್ಟುತ್ತದೆ, ಬಾವಿಯೂ ನದಿಯ ಜೊತೆ ಉಸಿರಾಡುತ್ತದೆ ಎಂದು ರೇಣುಕಾ ನಂಬಿದ್ದಳು. ನದಿಯ ನೀರು ಬಂದರೆ ನದಿಯ ಕೊಳೆಯೂ ಬರುತ್ತದೆ, ಆ ಓಣಿಗಳಲ್ಲಿ ಇಂಥ ಬಾವಿಗಳು ಇನ್ನೂ ಬಹಳ ಇವೆ ಅನ್ನುತ್ತಿದ್ದಳು. ಸಂಸ್ಥೆಯಲ್ಲಿ ಹಿರಿಯರು ಒಪ್ಪಿರಲಿಲ್ಲ. ಅಷ್ಟು ಒಳಗಿನ ಬಾವಿಗೆ ನದಿ ಮುಟ್ಟಲಾರದು ಎಂದಿದ್ದರು. ಅದಕ್ಕೆ ಅವಳು ನೂಲ ಹುಣ್ಣಿಮೆಯ ದಿನ ಪೆನ್ನಿನಷ್ಟುದ್ದದ ಎರಡು ಸ್ಟೀಲಿನ ನಳಿಕೆಗಳನ್ನು ಇಳಿಬಿಟ್ಟಳು. ಒಂದು ಘಾಟಿನ ಕಬ್ಬಿಣದ ಕಂಬಕ್ಕೆ, ಒಂದು ಬಾವಿಗೆ. ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ತಮ್ಮೊಳಗೆ ಬರೆದಿಟ್ಟುಕೊಳ್ಳುವ ಯಂತ್ರಗಳು. ಹುಣ್ಣಿಮೆಯಿಂದ ಹುಣ್ಣಿಮೆವರೆಗೆ ಪೂರಾ ಒಂದು ಸುತ್ತು ಬೇಕೆಂದು ಅವಳ ಲೆಕ್ಕ.

ಅಂಕಿಗಳನ್ನು ಸ್ವರ ಮಾಡುವ ವಿಚಾರ ಬಂದದ್ದು ನನ್ನಿಂದಾಗಿ. ಅವಳು ಗೆರೆ ಎಳೆದ ಚಿತ್ರ ತೋರಿಸಿದರೆ ನನಗೇನೂ ತಿಳಿಯುತ್ತಿರಲಿಲ್ಲ. "ನಿಮಗ ಕಣ್ಣಿಲ್ಲ, ಕಿವಿ ಐತಿ," ಎಂದು ಬೈದು, ಜೊತೆಗೆ ಕೆಲಸ ಮಾಡುವ ಮೌಶುಮಿಯ ಹತ್ತಿರ ಒಂದು ಪ್ರೋಗ್ರಾಮ್ ಬರೆಸಿದಳು. ಕೆಳಗೆ ಕದಲದೆ ನಿಂತ ಒಂದು ಷಡ್ಜ. ಅದರ ಮೇಲೆ ನದಿಗೊಂದು ದನಿ, ಬಾವಿಗೊಂದು ದನಿ. ನೀರು ಏರಿದರೆ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಒಂದು ದಿನದ ನೀರು ಒಂದು ನಿಮಿಷದ ಸಂಗೀತ.

ಆ ಭಾನುವಾರ ಮೆಟ್ಟಿಲ ಮೇಲೆ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಮೊದಲೊಮ್ಮೆ ಪರೀಕ್ಷೆಗೆಂದು ಹಿಡಿದಿದ್ದ ಐದು ದಿನದ ದನಿ ಅದು. ನದಿ ಮೀಂಡ್ ಹಿಡಿದ ಹಾಗೆ, ಎಲ್ಲೂ ಕಡಿಯದೆ ಜಾರುತ್ತ, ಏರುತ್ತ ಇಳಿಯುತ್ತ ಹೋಗುತ್ತಿತ್ತು. ಬಾವಿ ಷಡ್ಜಕ್ಕೆ ಒರಗಿಕೊಂಡೇ ಇತ್ತು, ಆದರೆ ಪೂರ್ತಿ ಕೂಡಿರಲಿಲ್ಲ.

"ತೂಗಾಡ್ತೈತಿ," ಅಂದೆ. "ಹುಟ್ಟತೈತಿ, ಸಾಯ್ತೈತಿ, ಮತ್ತ ಹುಟ್ಟತೈತಿ. ಅಪಸ್ವರ ಇದು."

"ದಿನಕ್ಕ ಎಷ್ಟು ಸಲ?"

ಎಣಿಸಿದೆ. "ಎರಡು."

ಅವಳು ನನ್ನ ತೊಡೆಗೆ ಜೋರಾಗಿ ಹೊಡೆದಳು. "ಆ ಅಪಸ್ವರನ ರೀ ನನಗ ಬೇಕಾಗಿದ್ದು! ಎರಡು ಬೆರಳಷ್ಟು ನೀರು ಅದು. ಐದು ದಿನದಾಗ ಕೇಳಿದ್ರ ಯಾರೂ ನಂಬೂದಿಲ್ಲ. ತಿಂಗಳಪೂರ್ತಿ ಕೇಳಸಲಿ, ಹುಣ್ಣಿಮಿ ಅಮಾಸಿಗೆ ಜಾಸ್ತಿ ಆಗಲಿ, ಆವಾಗ ನೋಡೋಣಂತ." ಮತ್ತೆ ಕೇಳಿದಳು, "ನಡುವ ಟುಕ್ ಅಂತ ಒಂದು ಬರತೈತಲ್ಲ, ಅದೇನು ಹೇಳ್ರಿ?"

ಪ್ರತಿ ನಿಮಿಷಕ್ಕೊಮ್ಮೆ ಬಾವಿಯ ದನಿ ಒಂದು ಕ್ಷಣ ಕುಸಿದು ಮೇಲೇಳುತ್ತಿತ್ತು. ನನಗೆ ಹೊಳೆಯಲಿಲ್ಲ.

"ಮಾಶಿಮಾನ ನಾಕು ಕೊಡ," ಅಂದು ಅವಳು ಉಳಿದ ಮುರಿಯನ್ನು ಬಾಯಿಗೆ ಸುರಿದುಕೊಂಡಳು.

ಆ ದಿನ ಮುಗಿದದ್ದು ಹಾಗೆ. ಮಾರನೆಯ ದಿನ ಹುಣ್ಣಿಮೆ, ಅವಳಿಗೆ ಜ್ವರ.

ನಳಿಕೆ ತೆಗೆಯುವುದಕ್ಕೆ ಅದರ ಮರುದಿನ ನಾನೊಬ್ಬನೇ ಹೋದೆ. ಅವಳು ಕಂಬಳಿಯೊಳಗಿನಿಂದಲೇ ಮೂರು ಮಾತು ಹೇಳಿ ಕಳಿಸಿದ್ದಳು: "ಮೊದಲು ಲ್ಯಾಪ್‌ಟಾಪಿಗೆ ಇಳಸ್ರಿ. ಎರಡು ಕಡೆ ಇಡ್ರಿ. ಆಮ್ಯಾಲೆ ನಳಿಗಿ ಅಳಿಸಿ ತಿರುಗಿ ಬಿಡ್ರಿ." ನಳಿಕೆಯ ಹೊಟ್ಟೆ ಸಣ್ಣದು, ಅಳಿಸದಿದ್ದರೆ ಮುಂದಿನದನ್ನು ಬರೆದುಕೊಳ್ಳಲು ಜಾಗವಿರುತ್ತಿರಲಿಲ್ಲ. ಘಾಟಿನದನ್ನು ತೆಗೆದು, ಇಳಿಸಿಕೊಂಡು, ಅಳಿಸಿ ಬಿಟ್ಟೆ. ಬಾವಿಯದನ್ನು ತೆಗೆದು, ಇಳಿಸಿಕೊಂಡು, ಅಳಿಸಿ ಬಿಟ್ಟೆ. ಎರಡು ಕಡೆ ಇಡುವುದನ್ನು ಮನೆಗೆ ಹೋಗಿ ಮಾಡಿದರಾಯಿತು ಅಂದುಕೊಂಡೆ.

ಅಂಗಳದಲ್ಲಿ ಮಾಶಿಮಾ ಅವರ ಮಗ ತಪನ್‌ದಾ ನನ್ನನ್ನು ಕಾಯುತ್ತಿದ್ದ. ಅವನು ಓಣಿಯ ದುರ್ಗಾಪೂಜೆಯ ಕ್ಲಬ್ಬಿನ ಕಾರ್ಯದರ್ಶಿ. ಅಲ್ಲಿ ಪ್ರತಿ ಓಣಿಯ ಪೆಂಡಾಲಿಗೂ ವರ್ಷಕ್ಕೊಂದು ಥೀಮ್ ಇರುತ್ತದೆ. ಒಂದು ಓಣಿಯವರು ಸೆಣಬಿನಿಂದ ಅರಮನೆ ಕಟ್ಟಿದರೆ ಇನ್ನೊಂದು ಓಣಿಯವರು ಮಣ್ಣಿನ ಕುಡಿಕೆಯಿಂದ ಕಟ್ಟುತ್ತಾರೆ. ಈ ಓಣಿಯದು ಆ ವರ್ಷ ಬಾವಿಯ ಆಕಾರದ ಪೆಂಡಾಲು, ಒಳಗೆ ರೇಣುಕಾ ಹಿಡಿದ ಗಂಗೆಯ ದನಿ. ಅವಳು ಖುಷಿಯಿಂದ ಒಪ್ಪಿದ್ದಳು.

"ದಾದಾ, ಧ್ವನಿ ಇವತ್ತು ಸಂಜೆಗೆ ಬೇಕು. ಸ್ಪೀಕರಿನವನು ಬರ್ತಾನೆ," ಎಂದ. ಐದು ದಿನದ ದನಿಯನ್ನು ಅವನು ಮೊದಲೇ ಕೇಳಿದ್ದ. "ಆದರೆ ದಯವಿಟ್ಟು ಮೊದಲಿನ ಹಾಗೆ ಬೇಡ. ಸೊಳ್ಳೆ ಅತ್ತ ಹಾಗಿತ್ತು. ಜನ ದೇವಿಯ ಮುಖ ನೋಡಲಿಕ್ಕೆ ಬರುತ್ತಾರೆ, ಹಲ್ಲುನೋವು ಬರಿಸಿಕೊಳ್ಳಲಿಕ್ಕಲ್ಲ. ಸ್ವಲ್ಪ ಸ್ವರಕ್ಕೆ ಕೂರಿಸಿ. ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?"

ಒಳಗಿನಿಂದ ಮಾಶಿಮಾ, "ಮೊದಲು ಅವನಿಗೆ ಚಹಾ ಕೊಡೋ, ಆಮೇಲೆ ಹುಕುಂ ಮಾಡು," ಎಂದು ಕೂಗಿದರು.

ಆ ಕೊನೆಯ ಮಾತು, ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಅನ್ನುವುದು, ನನಗೆ ಹಿಡಿಸಿತು. ಇದನ್ನು ಮುಚ್ಚಿಡುವುದಿಲ್ಲ. ಹೆಂಡತಿಯ ವಿಜ್ಞಾನದಲ್ಲಿ ನನಗೂ ಒಂದು ಕೈ ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತು ಮಾಡಿದೆ. ಅಂಕಿಗಳನ್ನು ಹತ್ತಿರದ ಮಟ್ಟಕ್ಕೆ ಕೂರಿಸುವುದನ್ನು ಮೌಶುಮಿ ಹಿಂದೊಮ್ಮೆ ತೋರಿಸಿಕೊಟ್ಟಿದ್ದಳು. ಕಾಲು ಮೀಟರಿಗೆ ಒಂದು ಸ್ವರವೆಂದು ಹಿಡಿದೆ. ನಡುವೆ ಇದ್ದ ಅಂಕಿಗಳೆಲ್ಲ ಅತ್ತ ಇಲ್ಲವೆ ಇತ್ತ ಸರಿದು ಕೂತವು. ನದಿ ಎರಡು ಸಪ್ತಕ ಚೆಂದಾಗಿ ಮೆಟ್ಟಿಲು ಹತ್ತಿ ಇಳಿಯತೊಡಗಿತು. ಬಾವಿ ಷಡ್ಜದ ಮೇಲೆ ಗಟ್ಟಿಯಾಗಿ ನಿಂತಿತು. ತಿಂಗಳ ನಡುವೆ ಒಮ್ಮೆ ದೊಡ್ಡ ಮಳೆಯಾದಾಗ ಅದು ರಿಷಭಕ್ಕೆ ಹತ್ತಿ ಅಲ್ಲೇ ಉಳಿದಿತ್ತು. ಶ್ರುತಿ ಹಾಗೆ ನಡುವೆ ಕದಲಬಾರದು ಎಂದು ಆ ಸಾಲುಗಳನ್ನು ನಾನೇ ಕೈಯಿಂದ ಕೆಳಗಿಳಿಸಿದೆ. ತೂಗಾಟ ಸತ್ತಿತ್ತು. ಕಣ್ಣು ಮುಚ್ಚಿ ಕೇಳಿದೆ. ಒಳ್ಳೆಯ ತಂಬೂರಿ ಕೂಡಿದಾಗ ಆಗುವ ಸಮಾಧಾನವಾಯಿತು. ಉಳಿಸಲೇ ಎಂದು ಯಂತ್ರ ಕೇಳಿತು, ಹೌದು ಎಂದೆ. ತಪನ್‌ದಾ ನನ್ನ ಕೈ ಹಿಡಿದು ಕುಲುಕಿದ. ಚಹಾ ಆರಿತ್ತು.

ಬದಲಾಯಿಸಿ ಉಳಿಸಿದ್ದು ಅವಳ ಫೈಲನ್ನೇ, ಬೇರೆ ಪ್ರತಿಯನ್ನಲ್ಲ ಎನ್ನುವುದು ನನ್ನ ತಲೆಗೆ ಬರಲಿಲ್ಲ. ಮನೆಗೆ ಬಂದಾಗ ಅವಳ ಜ್ವರ ನೂರಾಮೂರು ದಾಟಿತ್ತು. ಡೆಂಗಿ ಎಂದು ಮರುದಿನ ತಿಳಿಯಿತು. ಐದನೆಯ ದಿನ ಆಸ್ಪತ್ರೆಗೆ ಸೇರಿಸಿದೆ.

ಆಸ್ಪತ್ರೆಯಲ್ಲಿ ಸಂಜೆ ನಾಲ್ಕರಿಂದ ಆರು ನೋಡಲಿಕ್ಕೆ ಬಿಡುತ್ತಿದ್ದರು. ಸೊಳ್ಳೆಪರದೆಯೊಳಗೆ ಅವಳು ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. ಎರಡನೆಯ ಸಂಜೆ ಕೇಳಿದಳು, "ರೀ, ಬಾವೀದು ತಂದೀರೇನು?"

ಫೋನಿನಲ್ಲಿತ್ತು. ಕೊಟ್ಟೆ. ಅಂದಿನ ಹಾಗೆಯೇ ಒಂದು ತುದಿ ಅವಳಿಗೆ, ಒಂದು ನನಗೆ. ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಕೇಳಿದಳು. ಹಣೆಯಲ್ಲಿ ಗೆರೆ ಮೂಡಿತು.

"ಸುಮ್ಮನ ಐತಿ," ಅಂದಳು.

"ಏನು?"

"ಬಾವಿ. ಅಲುಗಾಡೇ ಇಲ್ಲ."

ಆಗ ನನಗೆ ತಿಳಿಯಿತು. ಅವಳು ಎರಡು ಬೆರಳು ನೀರು ಹುಡುಕುತ್ತಿದ್ದಳು. ನಾನು ಒಂದು ಗೇಣನ್ನು ಒಂದೇ ಸ್ವರಕ್ಕೆ ಒತ್ತಿ ಕೂರಿಸಿದ್ದೆ.

ಅವಳು ಇನ್ನೂ ಸ್ವಲ್ಪ ಕೇಳಿದಳು. "ಮಾಶಿಮಾನ ಕೊಡದ ಸಪ್ಪಳಾನೂ ಇಲ್ಲಲ್ರೀ. ಅವರು ಊರಾಗ ಇದ್ದಿಲ್ಲೇನು?"

ನಿಜ ಹೇಳಲು ದಾರಿ ತೆರೆದೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಲ್ಲ ರೇಣು, ನಾನು ಕೆಡಿಸೀನಿ ಅಂದಿದ್ದರೆ ಅವಳು ಬೈಯುತ್ತಿದ್ದಳು. ಬೈದು, ಮುಂದಿನ ತಿಂಗಳು ಮತ್ತೆ ಹಿಡಿಯೋಣ ಅನ್ನುತ್ತಿದ್ದಳು. ರೋಗಿಗೆ ಆಯಾಸ ಮಾಡಿಸಬೇಡಿ ಎಂದು ನರ್ಸ್ ಬಾಗಿಲಲ್ಲೇ ಹೇಳಿದ್ದಳು. ಅದಕ್ಕೇ ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನಗೆ ನಾಚಿಕೆಯಾಗಿತ್ತು.

"ಇದ್ದಿಲ್ಲ," ಅಂದೆ. "ಮಗಳ ಮನೀಗೆ ಹೋಗಿದ್ರಂತ."

"ಇಡೀ ತಿಂಗಳಾ?"

"ಹೂಂ."

ಅವಳು ಇಯರ್‌ಫೋನ್ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಹಂಗಾರ ಆ ಐದು ದಿನ ಕೇಳಿದ್ದು ಮತ್ತೇನೋ ಇರಬೇಕು. ಪಂಪ್ ಗಿಂಪ್," ಅಂದಳು. ಆಮೇಲೆ, "ಛಲೋ ಆತು ಬಿಡ್ರಿ, ಲಗೂನ ಗೊತ್ತಾತು. ಮೌಶುಮಿಗೆ ಹೇಳ್ರಿ, ಬಾವಿ ನದೀ ಮಾತು ಕೇಳೂದಿಲ್ಲ ಅಂತ. ನಳಿಗಿ ತಗದು ಬ್ಯಾರೆ ಕಡೆ ಹಾಕಲಿ." ನನ್ನ ಮುಖ ನೋಡಿ, "ನೀವ್ಯಾಕ ಹಂಗ ಮಾರಿ ಮಾಡೀರಿ? ನಂದು ತಪ್ಪಾತು, ನಿಮ್ದಲ್ಲ," ಅಂದಳು.

ಮನೆಗೆ ಹೋಗಿ ಮೊದಲಿನ ಅಂಕಿ ಹುಡುಕಿ ತಂದು, ನಾಳೆ ಸಂಜೆ ನಿಜ ಹೇಳುತ್ತೇನೆ ಎಂದುಕೊಂಡೇ ಹೊರಬಿದ್ದೆ. ಲ್ಯಾಪ್‌ಟಾಪ್ ತೆರೆದು ನೋಡಿದರೆ ಇದ್ದದ್ದು ಒಂದೇ ಫೈಲು, ಅದೇ ಕೂರಿಸಿದ ಅಂಕಿಗಳದ್ದು. ಮರುದಿನ ಸಂಜೆ ಅವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅದರ ಮರುದಿನ ಹೋದಳು. ಮಹಾಲಯಕ್ಕೆ ಇನ್ನೂ ಒಂದು ವಾರವಿತ್ತು.

ಮೌಶುಮಿಗೆ ಅವಳು ಹೇಳಿದ ಮಾತನ್ನು ಹೇಳಿದ ಹಾಗೆಯೇ ತಲುಪಿಸಿದೆ. ಸತ್ತವರ ಕೊನೆಯ ಮಾತೆಂದು ಮೌಶುಮಿ ಅದನ್ನು ತಲೆಮೇಲೆ ಹೊತ್ತು ನಡೆಸಿದಳು. ವಾರದೊಳಗೆ ಎರಡೂ ನಳಿಕೆ ಹೊರಗೆ ಬಂದವು, ಇದ್ದದ್ದನ್ನು ಅಳಿಸಿಕೊಂಡು ಬೇರೆ ಜಿಲ್ಲೆಗೆ ಹೋದವು.

ಪೂಜೆಯಲ್ಲಿ ತಪನ್‌ದಾ ಒತ್ತಾಯ ಮಾಡಿ ಕರೆದೊಯ್ದ. ಬಿದಿರಿನಿಂದ ಕಟ್ಟಿದ ದೊಡ್ಡ ಬಾವಿ. ಅದರ ತಳದಲ್ಲಿ ದೇವಿ. ಸುತ್ತಲಿನಿಂದ ನನ್ನ ಷಡ್ಜ ತುಂಬಿಕೊಂಡಿತ್ತು. ಬಾಗಿಲಲ್ಲಿ ಹಲಗೆ: ಗಂಗೆ ಮತ್ತು ಬಾವಿಯ ಸಂಗೀತ, ರೇಣುಕಾ ದಿದಿಯ ನೆನಪಿಗೆ. ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ, "ಎಷ್ಟು ಶಾಂತಿ," ಅಂದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದುಬಿಟ್ಟೆ. ಪೂಜೆಯ ಐದೂ ದಿನ ಆ ಓಣಿಯಲ್ಲಿ ನಡೆದವರೆಲ್ಲ ಅವಳ ಹೆಸರಿನ ಕೆಳಗೆ ನನ್ನ ತಪ್ಪನ್ನು ಕೇಳಿದರು.

ಚಳಿಗಾಲ ಕಳೆದ ಮೇಲೆ ಮೌಶುಮಿ ಫೈಲು ಕೇಳಿದಳು. ರೇಣುಕಾಳ ಕೆಲಸದ ಬಗ್ಗೆ ಸಂಸ್ಥೆಯಲ್ಲಿ ಒಂದು ಬರಹ ತರುವವಳಿದ್ದಳು. ಡಮ್ ಡಮ್‌ನ ಮನೆಗೇ ಬಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಒಂದು ನಿಮಿಷ ನೋಡಿದಳು.

"ದಾದಾ, ಇದು ಬಾವಿಯ ಅಂಕಿ ಅಲ್ಲ. ಎಲ್ಲ ಕಾಲು ಮೀಟರಿಗೆ ಕೂತಿದೆ. ಯಾರು ಮಾಡಿದ್ದು?"

"ನಾನು."

"ಮೂಲ?"

"ಇಲ್ಲ."

ಅವಳು ಬಹಳ ಹೊತ್ತು ಆ ಸಾಲುಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಳು. ಬೈಯಲಿ ಎಂದು ಕಾದೆ. ಕೊನೆಗೆ ಕೇಳಿದ್ದು ಒಂದೇ. "ದಿದಿಗೆ ಗೊತ್ತಿತ್ತಾ?"

"ಇಲ್ಲ. ತಪ್ಪು ತನ್ನದೇ ಅಂದುಕೊಂಡು ಹೋದಳು."

ಮೌಶುಮಿ ಲ್ಯಾಪ್‌ಟಾಪ್ ಮುಚ್ಚಿದಳು. ಚಹಾ ಕುಡಿಯದೆ ಎದ್ದಳು. ಮೆಟ್ಟಿಲಿಳಿಯುತ್ತ ನಿಂತು, "ಮತ್ತೆ ಅಳೆಯಬಹುದು. ಅದೇ ಬಾವಿ, ಅದೇ ತಿಂಗಳು. ಮಳೆಗಾಲ ಬರಲಿ," ಅಂದಳು.

ಮರುದಿನವೇ ತಪನ್‌ದಾನಿಗೆ ಫೋನ್ ಮಾಡಿದೆ. ಬಾವಿ ಎಂದ ಕೂಡಲೇ ಅವನು ತಡವರಿಸಿದ. ಪೂಜೆ ಮುಗಿದ ಮೇಲೆ ಮುಚ್ಚಿಸಿಬಿಟ್ಟಿದ್ದನಂತೆ. ನಿಂತ ನೀರು, ಸೊಳ್ಳೆ, ಡೆಂಗಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. "ರೇಣುಕಾ ಬೌದಿಗೆ ಹಾಗಾದ ಮೇಲೆ ಅಮ್ಮನೇ ಹೆದರಿದಳು ದಾದಾ. ಪೆಂಡಾಲಿನ ಕೆಳಗೆ ಹಾಸಿದ್ದ ಇಟ್ಟಿಗೆ ಚೂರೆಲ್ಲ ಅದಕ್ಕೇ ಹಾಕಿದೆವು."

ಮೊನ್ನೆ ಮಾಶಿಮಾ ಅವರ ಹಾರ್ಮೋನಿಯಂ ಸರಿಮಾಡಲು ಆ ಮನೆಗೆ ಹೋಗಬೇಕಾಯಿತು. ಒಂದು ವರ್ಷವಾಗಿತ್ತು ಹೋಗಿ. ಅಂಗಳಕ್ಕೆ ಸಿಮೆಂಟು ಹಾಕಿದ್ದಾರೆ. ಬಾವಿ ಇದ್ದಲ್ಲಿ ಗುಂಡಗೆ ಸ್ವಲ್ಪ ಬೇರೆ ಬಣ್ಣವಿದೆ, ಅದರ ಮೇಲೆ ತುಳಸಿಯ ಕುಂಡ. ಮಳೆ ಬಿದ್ದ ಸಿಮೆಂಟಿನಿಂದ ಇನ್ನೂ ಆ ಹಳೆಯ ಪಾಚಿಯ ವಾಸನೆ ಬರುತ್ತಿತ್ತು.

ಮಾಶಿಮಾ ಪಕ್ಕದಲ್ಲೇ ಕೂತರು. "ನಲ್ಲಿ ನೀರಿನಲ್ಲಿ ಬೇಳೆ ಬೇಯೋದೇ ಇಲ್ಲ," ಎಂದು ದೂರಿದರು. ಆಮೇಲೆ, "ಒಂದು ತಿಂಗಳು ನಿನ್ನ ಹೆಂಡತಿಗೋಸ್ಕರ ನಾನು ಒಂದು ಕೊಡ ಹೆಚ್ಚಿಲ್ಲ, ಕಡಿಮೆಯಿಲ್ಲ, ಗಡಿಯಾರ ನೋಡಿ ಸೇದಿದ್ದೆ. ಮೊಣಕಾಲು ನೋವಿದ್ದರೂ ಒಂದು ದಿನ ತಪ್ಪಿಸಲಿಲ್ಲ. ಹಾಗೆ ಹೇಳಿದ್ದಳು ಅವಳು. ಕೇಳಿಸಿತ್ತಾ ಅವಳಿಗೆ?" ಅಂದರು.

ಕೆರೆಯುತ್ತಿದ್ದ ರೀಡನ್ನು ಕೆಳಗಿಟ್ಟೆ. ಮತ್ತೊಮ್ಮೆ ಸುಳ್ಳು ಹೇಳುವುದು ಸುಲಭವಿತ್ತು.

"ಇಲ್ಲ ಮಾಶಿಮಾ. ನಾನು ಅಳಿಸಿಬಿಟ್ಟಿದ್ದೆ," ಅಂದೆ. ಎಲ್ಲವನ್ನೂ ಹೇಳಿದೆ, ನನ್ನ ಹರಕು ಬಂಗಾಳಿಯಲ್ಲಿ. ನೀವು ಊರಿನಲ್ಲಿರಲಿಲ್ಲ ಎಂದು ಅವಳಿಗೆ ಹೇಳಿದ್ದನ್ನೂ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ. ಕೊನೆಯದು ಮಾತ್ರ ಚೆನ್ನಾಗಿ ತಿಳಿಯಿತು.

"ನಾನು ಇಲ್ಲೇ ಇದ್ದೆನಲ್ಲೋ," ಅಂದರು. "ದಿನಾ ಇದ್ದೆ."

ಹಾರ್ಮೋನಿಯಂ ಕೆಲಸ ಮುಗಿಸಿ, ಹಿಂದೆ ಮುಂದೆ ಒಮ್ಮೆ ನುಡಿಸಿ ತೋರಿಸಿ ಬಂದೆ.

ನನ್ನ ಫೋನಿನಲ್ಲಿ ಮೊದಲಿನ ಐದು ದಿನದ ದನಿ ಇದೆ. ಮೆಟ್ರೋದಲ್ಲಿ ಕೇಳುತ್ತೇನೆ. ಬಾವಿ ತೂಗಾಡುತ್ತದೆ, ಐದು ಸಲ ಮಾಶಿಮಾ ನೀರು ಸೇದುತ್ತಾರೆ. ಐದು ದಿನ ಸಾಲದು ಎಂದು ರೇಣುಕಾ ಹೇಳಿದ್ದಳು, ಮೌಶುಮಿಯೂ ಅದನ್ನೇ ಹೇಳುತ್ತಾಳೆ. ಆ ತಿಂಗಳು ಗಂಗೆ ಎಷ್ಟು ಏರಿತು, ಎಷ್ಟು ಇಳಿಯಿತು ಎನ್ನುವುದು ಬಂದರಿನವರ ಕಡತದಲ್ಲಿ ಸಿಗುತ್ತದೆ. ನೂಲ ಹುಣ್ಣಿಮೆಯಿಂದ ಅನಂತನ ಹುಣ್ಣಿಮೆವರೆಗೆ ಬಾವಿಯ ನೀರು ಎಲ್ಲಿತ್ತು ಎನ್ನುವುದು ಯಾರ ಹತ್ತಿರವೂ ಇಲ್ಲ.